ಅಪ್ಪನ ಚುಕ್ಕೆ

ಮಂಗಳವಾರ, ೧೨ ಆಗಸ್ಟ್

ನನ್ನ ಸಂಶೋಧನೆಯ ನೆನಪಿನ ಪರೀಕ್ಷೆಯ ಗ್ರಾಫ್ ಇವತ್ತೂ ಬಲಕ್ಕೇ ವಾಲಿತು. ಚಿತ್ರ ನೋಡಿ ಹೆಸರು ಹೇಳಲು ಉಳಿದ ಹಿರಿಯರೆಲ್ಲ ತೆಗೆದುಕೊಂಡ ಸಮಯ ಎಡಗಡೆ ಗುಂಪುಗೂಡಿದೆ. ಒಂದೇ ಚುಕ್ಕೆ ದೂರ, ಬಲತುದಿಯಲ್ಲಿ: ಎಲ್ಲರಿಗಿಂತ ತೀರಾ ಹೆಚ್ಚು ಹೊತ್ತು ತೆಗೆದುಕೊಂಡವರದು.

"ಅದೊಂದ ತಗದಬಿಡು ಮಯೂರಿ, ಸರಾಸರಿನ ಕೆಡಸಾಕತ್ತೈತಿ," ಎಂದರು ನನ್ನ ಪಿಎಚ್.ಡಿ. ಗೈಡ್ ಭುವನೇಶ್ವರಿ ಮೇಡಂ.

ಅದು ಅಪ್ಪನದೆಂದು ಹೇಳಲಾಗಲಿಲ್ಲ. ಪರೀಕ್ಷೆಗೆ ಜನ ಸಾಲದೆ ಅವರನ್ನೇ ಕೂರಿಸಿದ್ದೆ. ಜೀವನವಿಡೀ ಮಕ್ಕಳಿಗೆ ಕನ್ನಡ ಕಲಿಸಿದವರು ಬಾಚಣಿಗೆಯ ಚಿತ್ರಕ್ಕೆ ಹೆಸರು ಹುಡುಕುತ್ತ ಕೂತಿದ್ದರು. ಕನ್ನಡಕ ಹಳೆಯದಾಗಿದೆ ಎಂದುಕೊಂಡಿದ್ದೆ.

ಮೇಡಂ ಎದುರೇ ಚುಕ್ಕೆ ಅಳಿಸಿದೆ. ಗ್ರಾಫ್ ನೆಟ್ಟಗಾಯಿತು. ಅವರು ಬೆನ್ನು ತಟ್ಟಿದರು.

ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ನನ್ನ ಪರೀಕ್ಷಾ ಹೆಂಗಾತವಾ?"

"ಛಲೋ ಆಗೇತಿ ಅಪ್ಪಾ."

ಖುಷಿಯಿಂದ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲೇಬೇಕು. ಛಲೋ ಆಗಿದೆ ಎಂದಮೇಲೆ, ಇನ್ನು ಏನೆಂದು ಹೇಳಿ ಅವರನ್ನು ಹೊರಡಿಸಲಿ?