ಲೆಕ್ಕಕ್ಕಿಲ್ಲದ ಮೊಣಕಾಲು, ಗೋಡೆಗೆ ಅಂಟಿದ ನಗು

ಮಹಾಜನರೇ! ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತವರೇ, ಹಿಂದೆ ಕಂಬಕ್ಕೊರಗಿ ನಿಂತವರೇ, ಇಷ್ಟವಾದರೆ ಇರೋಣ ಇಲ್ಲದಿದ್ದರೆ ಜಾರಿಕೊಳ್ಳೋಣ ಎಂದು ಬಾಗಿಲ ಬಳಿಯೇ ಉಳಿದವರೇ! ಎಲ್ಲರೂ ಸ್ವಲ್ಪ ಹತ್ತಿರ ಬನ್ನಿ. ಈ ಪತ್ರ ಸೇರಬೇಕಾದದ್ದು ಒಬ್ಬ ದೊಡ್ಡ ಅಧಿಕಾರಿಗೆ. ಅವರಿಗೆ ಮುಚ್ಚಿದ ಲಕೋಟೆಯಲ್ಲಿ ಬರೆದು ಬರೆದು ಸಾಕಾಗಿದೆ. ಇವತ್ತು ನಿಮ್ಮೆದುರಿಗೆ, ಬಾಯಿ ಬಿಟ್ಟು ಓದುತ್ತೇನೆ. ನೀವು ಸಾಕ್ಷಿಯಾಗಿರಿ.

ಮಾನ್ಯ ವೈದ್ಯಕೀಯ ಸಂಶೋಧನಾ ನಿರ್ದೇಶಕರೇ,

ನಮ್ಮಕ್ಕನ ಮುಖವನ್ನು ತಾವು ಊರಿನ ಗೋಡೆಗಳಿಗೆಲ್ಲ ಅಂಟಿಸಿದ್ದೀರಿ. ಬಸ್ ನಿಲ್ದಾಣದಲ್ಲಿ ಅವಳೇ, ಔಷಧದಂಗಡಿಯ ಬಾಗಿಲಲ್ಲಿ ಅವಳೇ. ಮೆಟ್ಟಿಲ ಮೇಲೆ ನಿಂತು, ಒಂದು ಕೈ ಸೊಂಟದ ಮೇಲಿಟ್ಟು, ಹಲ್ಲು ಕಾಣುವಂತೆ ನಗುತ್ತಿದ್ದಾಳೆ. ತಲೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಘೋಷಣೆ: "ಮೊಣಕಾಲು ನೋವಿಗೆ ಅಕ್ಯುಪಂಕ್ಚರ್. ಸಂಶೋಧನೆಯಿಂದ ಸಾಬೀತು." ಕೆಳಗೆ ತಮ್ಮ ಇಲಾಖೆಯೇ ತೆರೆದಿರುವ ಹೊಸ ಚಿಕಿತ್ಸಾ ಕೇಂದ್ರದ ವಿಳಾಸ. ನನ್ನ ದೂರು ಒಂದೇ ಮಾತಿನದು. ಆ ಮೊಣಕಾಲಿಗೆ ತಾವು ಚುಚ್ಚಿಸಿದ್ದು ನಿಜವಾದ ಸೂಜಿಯೋ, ಚುಚ್ಚಿದಂತೆ ನಟಿಸುವ ಸೂಜಿಯೋ? ಇಷ್ಟು ಹೇಳಿ ಎಂದು ನಾವು ಕೇಳಿದಾಗಲೆಲ್ಲ ತಮ್ಮ ಕಚೇರಿಯಿಂದ ಬರುವ ಉತ್ತರವೂ ಒಂದೇ ಮಾತಿನದು: "ಗೋಪ್ಯ." ಅಂದರೆ ಮುಖ ಬಹಿರಂಗ, ಮೊಣಕಾಲು ಗೋಪ್ಯ! ಒಂದೇ ದೇಹದ ಮೇಲ್ಭಾಗಕ್ಕೊಂದು ಕಾನೂನು, ಕೆಳಭಾಗಕ್ಕೊಂದು ಕಾನೂನು ಮಾಡಿದ ತಮ್ಮ ಬುದ್ಧಿಗೆ ಏನೆನ್ನಲಿ?

ಚುಚ್ಚಿದಂತೆ ನಟಿಸುವ ಸೂಜಿಯೂ ಉಂಟೇ ಎಂದು ಇಲ್ಲಿ ಸೇರಿದವರು ಹುಬ್ಬೇರಿಸುತ್ತಿದ್ದಾರೆ. ಉಂಟು, ಮಹಾಜನರೇ. ಕೇಳಿ.

ನಮ್ಮಕ್ಕ ನಾವಿದ್ದ ನಾಟಕ ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದವಳು. ನಾನು ರಾಜನಾಗಿ ಮೆರೆದರೆ ಆ ಮೆರವಣಿಗೆಯ ಜರತಾರಿ ಅವಳದು; ಮುಂದಿನ ಅಂಕದಲ್ಲಿ ಭಿಕ್ಷುಕನಾದರೆ ಆ ಚಿಂದಿಯೂ ಅವಳದೇ. ಕಂಪನಿ ಮುಚ್ಚಿತು, ಹೊಲಿಗೆ ಮುಚ್ಚಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಯಂತ್ರ ಹಾಕಿಕೊಂಡು ಶಾಲೆಯ ಮಕ್ಕಳ ಸಮವಸ್ತ್ರ, ಕಿಟಕಿಯ ಪರದೆ ಹೊಲಿಯುತ್ತ ಬಂದಳು. ತುಳಿದೂ ತುಳಿದೂ ಬಲಗಾಲಿನ ಮಂಡಿ ಮುಷ್ಕರ ಹೂಡಿತು. ಮೂಳೆ ಡಾಕ್ಟರು ಚಿತ್ರ ತೆಗೆಸಿ ನೋಡಿ, "ಸವೆದಿದೆ. ಇವತ್ತಲ್ಲ ನಾಳೆ ಆಪರೇಷನ್ ಮಾಡಿಸ್ಬೇಕು. ಸದ್ಯಕ್ಕೆ ಅವಸರ ಇಲ್ಲ" ಎಂದರು. ಬಟ್ಟೆಯನ್ನು ಕಣ್ಣು ಮಿಟುಕಿಸದೆ ಕತ್ತರಿಸುವ ನಮ್ಮಕ್ಕನಿಗೆ ಇನ್ನೊಬ್ಬರ ಕೈಯ ಕತ್ತರಿ ಎಂದರೆ ಜೀವ ಹೋಗುತ್ತದೆ. ಅಷ್ಟರಲ್ಲಿ ತಮ್ಮ ಸಂಶೋಧನೆಯ ಸುದ್ದಿ ಬಂತು. ಮೊಣಕಾಲು ನೋವಿದ್ದವರು ಬನ್ನಿ, ಅಕ್ಯುಪಂಕ್ಚರ್ ಮಾಡಿ ನೋಡುತ್ತೇವೆ ಎಂದಿರಿ. ಹೋದಳು.

ತಮ್ಮ ತಂಡದ ಲೇಡಿ ಡಾಕ್ಟರೊಬ್ಬರು ಮೊದಲ ದಿನವೇ ಅವಳನ್ನು ಕೂರಿಸಿ ಬಿಡಿಸಿ ಹೇಳಿದ್ದರಂತೆ. "ನೋಡೀಮ್ಮಾ, ಅರ್ಧ ಜನಕ್ಕೆ ನಿಜವಾದ ಸೂಜಿ. ಇನ್ನರ್ಧ ಜನಕ್ಕೆ ನೋಡೋಕೆ ಹಾಗೇ ಇರೋ, ಆದ್ರೆ ಚರ್ಮದೊಳಕ್ಕೆ ಇಳಿಯದ ಸೂಜಿ. ಯಾರಿಗೆ ಯಾವ್ದು ಅಂತ ಈಗ ಹೇಳಲ್ಲ. ಎಲ್ಲಾ ಮುಗಿದ್ಮೇಲೆ ಹೇಳ್ತೀವಿ." ಎಲ್ಲಾ ಮುಗಿದ ಮೇಲೆ ಹೇಳುತ್ತೇವೆ! ಮಾನ್ಯರೇ, ಈ ಮಾತಿನ ಕೆಳಗೆ ಒಂದು ಗೆರೆ ಎಳೆದುಕೊಳ್ಳಿ.

ಈ ಒಳಗುಟ್ಟನ್ನು ಅಕ್ಕ ನನಗೆ ಮಾತ್ರ ಹೇಳಿರಲಿಲ್ಲ. ಕಾರಣ ಕೇಳಿದರೆ, "ನಿನ್ನ ಹೊಟ್ಟೇಲಿ ಗುಟ್ಟು ನಿಲ್ಲಲ್ಲ ಕಣೋ ಗುಡುಗಪ್ಪ" ಎನ್ನುತ್ತಾಳೆ. ಗುಡುಗಪ್ಪ ಎಂಬುದು ಅವಳು ನನಗಿಟ್ಟ ಹೆಸರು. ಅದಕ್ಕೆ ತಕ್ಕ ಕೆಲಸವನ್ನು ನಾನು ಬೇಗನೇ ಮಾಡಿದೆ.

ವಾರ ಕಳೆದಂತೆ ಅಕ್ಕನ ನೋವು ಇಳಿಯಿತು. ಇದು ಸತ್ಯ, ತಮಗೆ ಅನುಕೂಲವಾದ ಸತ್ಯವೆಂದು ನಾನು ಮುಚ್ಚಿಡುವುದಿಲ್ಲ. ಗೋಡೆ ಹಿಡಿಯದೆ ನಡೆದಳು, ಯಂತ್ರ ತುಳಿದಳು. ತಮ್ಮವರು ಕ್ಯಾಮೆರಾ ತಂದು, "ದಾಖಲೆಗೆ ಒಂದು ಫೋಟೋ ಇರಲಿ ಅಮ್ಮಾ" ಎಂದು ಮೆಟ್ಟಿಲ ಮೇಲೆ ನಿಲ್ಲಿಸಿದರು. ಅವಳು ನಕ್ಕಳು.

ಆಮೇಲೊಂದು ದಿನ ಜೊತೆಗೆ ಬರಬೇಕಿದ್ದ ಅಕ್ಕನ ಮಗಳಿಗೆ ಬಿಡುವಾಗದೆ ನಾನು ಹೋದೆ. ಉದ್ದನೆಯ ಕೋಣೆ, ಸಾಲಾಗಿ ಮಂಚಗಳು, ನಡುನಡುವೆ ಹಸಿರು ಪರದೆ. ಪರದೆಯ ಅಂಚಿನ ಹೊಲಿಗೆ ಬಿಟ್ಟಿದೆ ಎಂದು ಅಕ್ಕ ಗೊಣಗುತ್ತಲೇ ಮಲಗಿದಳು. ಪಕ್ಕದ ಮಂಚದಲ್ಲಿ ಒಬ್ಬ ಬಸ್ ಡ್ರೈವರ್. ಎಲ್ಲರ ಮೊಣಕಾಲ ಸುತ್ತಲೂ ಪುಟ್ಟ ಪ್ಲಾಸ್ಟಿಕ್ ಬಳೆಗಳನ್ನು ಅಂಟಿಸಿ, ಒಂದೊಂದರ ನಡುವೆ ಒಂದೊಂದು ಸೂಜಿ ನಿಲ್ಲಿಸಿದ್ದರು. ಹೊತ್ತು ಮುಗಿದೊಡನೆ ಸೂಜಿ ಹಾಕುವ ಡಾಕ್ಟರು ಅಕ್ಕನ ಸೂಜಿಗಳನ್ನು ತೆಗೆದು, ಡ್ರೈವರನ ಸೂಜಿಗಳನ್ನೂ ತೆಗೆದು, ಎರಡು ಮಂಚಗಳ ನಡುವಿನ ತಟ್ಟೆಗೆ ಹಾಕಿದರು. ಒಂದು ಉರುಳಿ ನನ್ನ ಕಾಲಬುಡಕ್ಕೆ ಬಿತ್ತು. ಎತ್ತಿಕೊಡೋಣವೆಂದು ಹಿಡಿದೆ. ತುದಿ ಅಂಗೈಗೆ ತಾಗಿತು. ತಾಗಿದ್ದೇ ತಡ, ಸೂಜಿ ಸರ್ರನೆ ತನ್ನ ಹಿಡಿಯೊಳಗೇ ಸರಿದುಕೊಂಡಿತು!

ಮಹಾಜನರೇ, ಆ ಸರಿದಾಟವನ್ನು ನಾನು ಅರಿಯೆನೇ? ರಂಗದ ಮೇಲೆ ಎಷ್ಟು ಸೇನಾಪತಿಗಳು ನನ್ನ ಎದೆಗೆ ಅಂಥ ಬಾಕು ಇಳಿಸಿಲ್ಲ! ಎದೆಗೆ ಒತ್ತಿದರೆ ಅಲಗು ಹಿಡಿಯೊಳಗೆ ಹೋಗುತ್ತದೆ, ನೋಡುವವರಿಗೆ ಎದೆಯೊಳಗೆ ಹೋದಂತೆ ಕಾಣುತ್ತದೆ. ನಾನು ಬಗ್ಗಿ ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದೆ: "ಅಕ್ಕಾ, ಮೋಸ! ಇದು ನಮ್ಮ ನಾಟಕದ ಬಾಕು! ಒತ್ತಿದ್ರೆ ಒಳಗೇ ಹೋಗುತ್ತೆ!"

ಆದರೆ ರಂಗದಲ್ಲಿ ಕಲಿತ ಪಿಸುಮಾತು ಕಟ್ಟಕಡೆಯ ಸಾಲಿಗೂ ಕೇಳಲೆಂದೇ ಕಲಿತದ್ದು. ಇಡೀ ಕೋಣೆ ಎದ್ದು ಕೂತಿತು. ಒಬ್ಬರು ತಮ್ಮ ಸೂಜಿಯನ್ನು ಒತ್ತಿ ನೋಡಿ, "ಅಯ್ಯೋ, ನಂದು ಬರೀ ನಿಲ್ಲಿಸಿರೋದು!" ಎಂದು ಕೂಗಿದರು. ಇನ್ನೊಬ್ಬಾಕೆ, "ನಂದು ನೆಟ್ಟಿದೆ, ನಂದು ನೆಟ್ಟಿದೆ, ಯಾರೂ ಹತ್ರ ಬರ್ಬೇಡಿ!" ಎಂದು ಎರಡೂ ಕೈ ಅಡ್ಡ ಹಿಡಿದಳು. ಡ್ರೈವರ್ ಮಾತ್ರ ಬರಿದಾದ ಮೊಣಕಾಲು ನೋಡಿಕೊಂಡು, "ಆ ಬಿದ್ದಿದ್ದು ನಂದೋ, ನಿಮ್ದೋ ಅಕ್ಕಾ?" ಎಂದ. ಅಕ್ಕ ನನ್ನತ್ತ ತಿರುಗಿ, "ಗೊತ್ತಿತ್ತು ಕಣೋ ನಂಗೆ! ಅದಕ್ಕೇ ನಿನ್ನ ಕರ್ಕೊಂಡು ಬರಲ್ಲ ಅಂದಿದ್ದು!" ಎಂದು ಹಲ್ಲು ಕಡಿದಳು.

ಆ ಲೇಡಿ ಡಾಕ್ಟರು ನನ್ನನ್ನು ಹೊರಗೆ ಕರೆದೊಯ್ದು ತಾಳ್ಮೆಯಿಂದಲೇ ತಿಳಿಸಿದರು. ಸುಳ್ಳು ಸೂಜಿ ಮೋಸವಲ್ಲ, ಪರೀಕ್ಷೆಯ ಪ್ರಾಣ. ನೋವೆಂಬುದು ಏರುತ್ತದೆ, ಇಳಿಯುತ್ತದೆ. ಜನ ಸಂಶೋಧನೆಗೆ ಬರುವುದು ನೋವು ನೆತ್ತಿಗೇರಿದಾಗ, ಆಮೇಲೆ ಅದು ತಾನಾಗಿಯೂ ಇಳಿಯಬಹುದು. ಮಲಗಿ ವಿಶ್ರಾಂತಿ ಪಡೆದದ್ದಕ್ಕೆ, ಯಾರೋ ಅಕ್ಕರೆಯಿಂದ ವಿಚಾರಿಸಿದ್ದಕ್ಕೆ, ಗುಣವಾಗುತ್ತದೆಂದು ನಂಬಿದ್ದಕ್ಕೆ ಇಳಿಯಬಹುದು. ಇದನ್ನೆಲ್ಲ ಕಳೆದ ಮೇಲೆ ಸೂಜಿಯ ಪಾಲಿಗೆ ಏನು ಉಳಿಯುತ್ತದೆ ಎಂದು ತಿಳಿಯಬೇಕಾದರೆ ಸುಳ್ಳು ಸೂಜಿಯ ಪಕ್ಕದಲ್ಲಿಟ್ಟು ನೋಡಬೇಕು. ಒಪ್ಪಿದೆ, ಮಾನ್ಯರೇ. ತಲೆಬಾಗಿ ಒಪ್ಪಿದೆ. ಸುಳ್ಳು ಬಾಕುವಿಗೆ ಜನ ನಿಜವಾದ ಕಣ್ಣೀರು ಹಾಕಿದ್ದನ್ನು ಕಂಡವನು ನಾನು. ಸುಳ್ಳು ಸೂಜಿಗೆ ನಿಜವಾದ ನೋವು ಇಳಿಯಿತೆಂದರೆ ನಗುವವನಲ್ಲ. ನನಗೆ ಅಕ್ಯುಪಂಕ್ಚರಿನ ಮೇಲೆ ಹಗೆಯಿಲ್ಲ. ಅದು ಕೆಲಸ ಮಾಡುವುದಾದರೆ ಮೊದಲ ಚಪ್ಪಾಳೆ ನನ್ನದೇ.

ಗುಟ್ಟು ಒಡೆದದ್ದರಿಂದ ಆ ಕೋಣೆಯವರನ್ನೆಲ್ಲ ಸಂಶೋಧನೆಯಿಂದ ಕೈಬಿಡಲಾಗಿದೆ ಎಂದು ತಾವು ತಿಳಿಸಿದಿರಿ. ಅದೂ ನ್ಯಾಯವೇ ಇರಬಹುದು. ತಪ್ಪು ನನ್ನ ಗಂಟಲಿನದು ಎಂದು ಸುಮ್ಮನಾದೆ. ಆದರೆ ತಿಂಗಳುಗಳು ಕಳೆದ ಮೇಲೆ ಗೋಡೆಯ ಮೇಲೆ ಯಾರು ಪ್ರತ್ಯಕ್ಷ? ನಮ್ಮಕ್ಕ! ಮಕ್ಕಳ ಆಟದಲ್ಲಿ ಚಿಕ್ಕವರನ್ನು ಸಮಾಧಾನಪಡಿಸಲು ಒಂದು ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ತಾವು ಅದನ್ನು ಸರ್ಕಾರಿ ನೀತಿಯನ್ನಾಗಿ ಮಾಡಿದಿರಲ್ಲ! ಅವಳ ಮೊಣಕಾಲು ಲೆಕ್ಕಕ್ಕೆ ಕೆಟ್ಟದ್ದಾದರೆ ಜಾಹೀರಾತಿಗೆ ಹೇಗೆ ಒಳ್ಳೆಯದಾಯಿತು? ಸಾಬೀತಾದವರ ಸಾಲಿನಲ್ಲೇ ಇಲ್ಲದವಳು ಸಾಬೀತಿಗೆ ಸಾಕ್ಷಿ ಹೇಗಾದಳು?

ಇಲ್ಲಿಂದ ನನ್ನ ಅನುಮಾನ ಬೇರು ಬಿಟ್ಟಿತು. ತಮ್ಮ ಪ್ರಕಟಣೆಯನ್ನು ತರಿಸಿ ಓದಿದೆ. ಅದರಲ್ಲಿ ನಿಜವಾದ ಸೂಜಿ ಚುಚ್ಚಿಸಿಕೊಂಡವರ ನೋವು ಮೊದಲೆಷ್ಟಿತ್ತು, ಆಮೇಲೆಷ್ಟಾಯಿತು ಎಂಬ ವರ್ಣನೆ ಉಂಟು. ಸುಳ್ಳು ಸೂಜಿಯವರ ನೋವು ಏನಾಯಿತು? ಆ ಪಾತ್ರಧಾರಿಗಳು ಒಮ್ಮೆಯೂ ರಂಗಕ್ಕೆ ಬರುವುದಿಲ್ಲ! ಅವರ ನೋವೂ ಅಷ್ಟೇ ಇಳಿಯಿತೇ? ಅರ್ಧಕ್ಕೇ ಬಿಟ್ಟು ಹೋದವರೆಷ್ಟು, ಏಕೆ ಹೋದರು? ನಮ್ಮ ಕೋಣೆಯೊಂದೇ ಕೆಟ್ಟದ್ದೋ, ಅಥವಾ ಆ ಕೋಣೆಯಲ್ಲಿ ಬರುತ್ತಿದ್ದ ಫಲ ತಮಗೆ ರುಚಿಸದೆ ನನ್ನ ಗಂಟಲು ಒಳ್ಳೆಯ ನೆಪವಾಯಿತೋ? ನನಗೆ ಗೊತ್ತಿಲ್ಲ. ಗೊತ್ತಿಲ್ಲವೆಂದೇ ಕೇಳುತ್ತಿದ್ದೇನೆ. ಪರೀಕ್ಷೆ ನಡೆಸಿದವರು ತಾವು, ಉತ್ತರ ತಿದ್ದಿದವರು ತಾವು, ಮೊದಲ ದರ್ಜೆ ಬಂತೆಂದು ಡಂಗುರ ಹೊಡೆದವರು ತಾವು, ಆ ಡಂಗುರ ಕೇಳಿ ಬಂದವರಿಗೆ ಅಂಗಡಿ ತೆರೆದವರೂ ತಾವೇ! ಇಷ್ಟು ಪಾತ್ರಗಳನ್ನು ಒಬ್ಬನೇ ಮಾಡಿದರೆ ನಮ್ಮ ಕಂಪನಿಯಲ್ಲಿ ಉಳಿದ ನಟರಿಗೆ ಜ್ವರ ಬಂದಿದೆಯೇ ಎಂದು ಜನ ಕೇಳುತ್ತಿದ್ದರು.

ಇನ್ನೊಂದು ಮಾತು. ಸೂಜಿ ಡಾಕ್ಟರಿಗೆ ಯಾವುದು ನಿಜ, ಯಾವುದು ಸುಳ್ಳು ಎಂದು ಗೊತ್ತಿತ್ತು. ಗೊತ್ತಿದ್ದವನು ಗೊತ್ತಿಲ್ಲದವನಂತೆ ಇರುವುದು ನಟನೆಯಲ್ಲೇ ಅತಿ ಕಷ್ಟದ ಕೆಲಸ. ನಾನು ಹೋದ ದಿನ ಅವರು ಕೆಲವರ ಮುಖ ನೋಡಿ, "ಜುಮ್ ಅಂತಾ?" ಎಂದು ಕೇಳುತ್ತಿದ್ದರು, ಕೆಲವರ ಬಳಿ ಗೋಡೆ ನೋಡುತ್ತ ನಿಲ್ಲುತ್ತಿದ್ದರು. ಅಕ್ಕನನ್ನು ಕೇಳಿದರೆ, "ನನ್ನ ಹತ್ರ ತುಂಬಾ ಮಾತಾಡ್ತಿದ್ರಪ್ಪ" ಎನ್ನುತ್ತಾಳೆ. ನಿಜವಾದ ಸೂಜಿಯೆಂಬ ಉತ್ಸಾಹದ ಮಾತೋ, ಸುಳ್ಳು ಸೂಜಿಯ ಸಂಕೋಚ ಮುಚ್ಚುವ ಮಾತೋ? ಅದನ್ನು ತಾವು ತೂಗಿ ನೋಡಿದಿರಾ?

ಇದೆಲ್ಲ ಹರಟೆಯಾಗಿದ್ದರೆ ನಾನು ಜಗಲಿಯಲ್ಲೇ ಮುಗಿಸುತ್ತಿದ್ದೆ. ಆದರೆ ಅಕ್ಕನ ನೋವು ಮರಳಿ ಬಂದಿದೆ, ಮೊದಲಿಗಿಂತ ಜೋರಾಗಿ. ಯಂತ್ರದ ಮೇಲೆ ಬಟ್ಟೆ ಮುಚ್ಚಿದ್ದಾಳೆ. ಮೂಳೆ ಡಾಕ್ಟರು ಇವತ್ತು ಬೆಳಿಗ್ಗೆ "ಅವಸರ ಇಲ್ಲ" ಎನ್ನಲಿಲ್ಲ. "ಕಾಲು ಡೊಂಕಾಗ್ತಾ ಇದೆ ಅಮ್ಮಾ. ಇನ್ನು ತಡ ಮಾಡಿದ್ರೆ ಆಪರೇಷನ್ ಮಾಡಿದ್ರೂ ಮಂಡಿ ನೆಟ್ಟಗೆ ಕೂರೋದು ಕಷ್ಟ. ನಾಳೆ ಮಧ್ಯಾಹ್ನದೊಳಗೆ ಹೂಂ ಅನ್ನಿ, ಇಲ್ಲಾ ಊಹೂಂ ಅನ್ನಿ. ನಿಮ್ಮ ಸರದಿ ಹಿಡಿದಿಡೋಕಾಗಲ್ಲ" ಎಂದರು. ಅಕ್ಕ ಒಂದೇ ಸಮನೆ ಹೇಳುತ್ತಾಳೆ: "ಆವಾಗ ಇಳೀತಲ್ಲೋ. ಹೊಸ ಕೇಂದ್ರಕ್ಕೆ ಹೋಗಿ ಇನ್ನೊಂದಷ್ಟು ದಿನ ಚುಚ್ಚಿಸ್ಕೊಂಡ್ರೆ ಕತ್ತರಿ ತಪ್ಪತ್ತೆ."

"ಅದು ಸುಳ್ಳು ಸೂಜಿ ಆಗಿದ್ರೆ ಏನಕ್ಕಾ?" ಎಂದೆ.

ಅವಳು ಮೊಣಕಾಲು ನೀವಿಕೊಂಡಳು. "ಬೇಜಾರಿಲ್ಲ ಕಣೋ. ನಿಜದ ಸೂಜಿ ಆಗಿದ್ರೆ ಅದನ್ನೇ ಇನ್ನೊಂದು ಸಲ ನೋಡ್ತೀನಿ. ಸುಳ್ಳು ಸೂಜಿ ಆಗಿದ್ರೆ, ಆವಾಗ ನೋವು ತಾನೇ ಇಳಿದಿತ್ತು, ಈಗ ತಾನೇ ಏರಿದೆ ಅಂತ ತಿಳ್ಕೊಂಡು ಆಪರೇಷನ್‌ಗೆ ಮಲಗ್ತೀನಿ. ಯಾವ್ದು ಅಂತ ಹೇಳಿಬಿಟ್ರೆ ಸಾಕು. ನನ್ನ ಕಾಲಿಗೆ ಏನು ಮಾಡಿದ್ರು ಅಂತ ನನಗೇ ಹೇಳೋಕೆ ಅವರಿಗೇನು ಕಷ್ಟ?"

ಏನು ಕಷ್ಟ, ಮಾನ್ಯರೇ? ಅಧ್ಯಯನ ಮುಗಿದಿದೆ. ಆ ಕೋಣೆ ಲೆಕ್ಕದಿಂದಲೇ ಹೊರಗಿದೆ. ಹೇಳಿದರೆ ಕೆಡುವ ಗುಟ್ಟು ಯಾವುದೂ ಉಳಿದಿಲ್ಲ. ಕೆಡುವುದೇನಾದರೂ ಇದ್ದರೆ ಆ ಗೋಡೆಯ ಚಿತ್ರ ಮಾತ್ರ. ಸುಳ್ಳು ಸೂಜಿಯಿಂದ ನಕ್ಕವಳನ್ನು ನಿಜವಾದ ಸೂಜಿಯ ರಾಯಭಾರಿ ಮಾಡಿದ್ದು ಬಯಲಾಗುತ್ತದೆ ಎಂಬ ಅಂಜಿಕೆಯೇ? ಹಾಗಲ್ಲವೆಂದಾದರೆ ಒಂದು ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಿ. ಈ ಬಾಯಿ ಮುಚ್ಚಿಸಲು ಇಷ್ಟು ಸುಲಭದ ಉಪಾಯ ಹಿಂದೆ ಯಾರಿಗೂ ಸಿಕ್ಕಿರಲಿಲ್ಲ.

ಆದ್ದರಿಂದ ಕೇಳುತ್ತೇನೆ. ನಮ್ಮಕ್ಕನಿಗೆ, ಆ ಡ್ರೈವರನಿಗೆ, ಆ ಕೋಣೆಯ ಪ್ರತಿಯೊಬ್ಬರಿಗೂ ಯಾವ ಸೂಜಿ ಹಾಕಿದಿರೆಂದು ಅವರವರಿಗೆ ಹೇಳಿ. ಸುಳ್ಳು ಸೂಜಿಯವರ ಫಲವನ್ನು ನಿಜವಾದ ಸೂಜಿಯವರ ಪಕ್ಕದಲ್ಲೇ ಅಚ್ಚು ಹಾಕಿಸಿ, ಅದು ತಮಗೆ ಕಹಿಯಾದರೂ ಸರಿ. ಅಲ್ಲಿಯವರೆಗೆ ಅವಳ ಮುಖವನ್ನು ಗೋಡೆಗಳಿಂದ ಇಳಿಸಿ.

ನಾಳೆ ಬೆಳಿಗ್ಗೆ ತಮ್ಮ ಕಚೇರಿಯ ಬಾಗಿಲು ತೆರೆಯುವಾಗ ನಾನು ಅಲ್ಲಿರುತ್ತೇನೆ, ಅಕ್ಕನೂ ಇರುತ್ತಾಳೆ. ತಾವು ನಿಜವಾದ ಸೂಜಿಯೆಂದರೆ ಅವಳನ್ನು ತಮ್ಮ ಹೊಸ ಕೇಂದ್ರಕ್ಕೇ ಕರೆದೊಯ್ಯುತ್ತೇನೆ. ಸುಳ್ಳು ಸೂಜಿಯೆಂದರೆ ತಮಗೆ ವಂದಿಸಿ ಮೂಳೆ ಡಾಕ್ಟರ ಬಳಿಗೆ ಹೋಗುತ್ತೇನೆ. ತಾವು ಮತ್ತೆ "ಗೋಪ್ಯ" ಎಂದರೂ ಅವರ ಬಳಿಗೇ ಹೋಗಿ ಆಪರೇಷನ್‌ಗೆ ಹೂಂ ಎನ್ನುತ್ತೇನೆ. ಅದು ಅಕ್ಕನದೇ ತೀರ್ಮಾನ. ಈ ಪತ್ರ ಬರೆಯಲು ಕೂತಾಗ ಹೇಳಿದಳು: "ಹೆಸರು ಹೇಳೋಕೆ ಹೆದರೋ ಸೂಜೀನ ನನ್ನ ಕಾಲಿಗೆ ಇನ್ನೊಂದು ಸಲ ಮುಟ್ಟಿಸಲ್ಲ."

ಇಂತಿ,
ತಮ್ಮ ಸಂಶೋಧನೆಯ ಒಂದಿಡೀ ಕೋಣೆಯನ್ನು ಪಿಸುಮಾತಿನಲ್ಲಿ ಕೆಡಿಸಿದ,
ಅದರ ಫಲವನ್ನು ಅಕ್ಕನಿಗೆ ಉಣ್ಣಿಸುತ್ತಿರುವ
ಒಬ್ಬ ತಮ್ಮ