ಬಣವೆ ಉಳಿಯಿತು

ಭಾಲ್ಕಿ
ತಾ. ೨೬ ನವೆಂಬರ್ ೧೯೪೮

ಭಾಲ್ಕಿಯ ದಿವಂಗತ ಚನ್ನಪ್ಪನವರ ಧರ್ಮಪತ್ನಿ, ಈ ಮನೆಯ ಯಜಮಾನಿ ಅನುಸೂಯಾಬಾಯಿ ತನ್ನ ಮಗಳು ಚಿ. ಸೌ. ಕಾಂತಾಬಾಯಿಗೆ ಮಾಡುವ ಆಶೀರ್ವಾದ. ಪೂರ್ತಿ ಹೆಸರು ಹಾಕಿ ಬರೆದದ್ದಕ್ಕೆ ನಗಬೇಡ. ನಿನ್ನ ಕಾಗದ ಓದಿದ ಮೇಲೆ, ನಾನು ಯಾರೆಂಬುದನ್ನು ನೀನು ಮರೆತಂತೆ ಕಂಡಿತು. ನೀವೆಲ್ಲ ಆರೋಗ್ಯವೆಂದು ತಿಳಿದು ಸಮಾಧಾನ. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಬರೆಯುವ ಮೊದಲು ಮುಗಿಸಬೇಕಾದ ಕೆಲಸವೊಂದಿತ್ತು.

"ನಾಕು ಹಳೇ ಗಾದಿ, ಒಂದು ಬಾಗಿಲದ ಸಲುವಾಗಿ ಹೊಟ್ಟಿ ಮಗನ್ನ ಹೊರಗ ಹಾಕ್ದಿ. ಅಣ್ಣ ಇಲ್ಲಿ ಸರಿಯಾಗಿ ಉಣ್ಣೂದಿಲ್ಲ. ಕರಕೋ ಅವ್ವಾ" ಎಂದು ಬರೆದಿದ್ದೀಯ. ಹೊರಗೆ ಹಾಕಲಿಲ್ಲ, ಅವನೇ ಹೋದ. ನಡೆದದ್ದನ್ನು ನನ್ನ ಬಾಯಿಂದ ಕೇಳು.

ನಾನು ಸೊಲ್ಲಾಪುರದಲ್ಲಿ ಹೈಸ್ಕೂಲಿನವರೆಗೆ ಓದಿದವಳು. ನಿಮ್ಮಪ್ಪ ತೀರಿದ ಮೇಲೆ ಹೊಲ ಮನೆ ಎರಡನ್ನೂ ನಡೆಸಿದವಳು. ಹೇಗೆ ನಡೆಸಿದೆ ಎನ್ನುವುದು ನಿನಗೆ ಗೊತ್ತು. ಪಾತ್ರೆ ತೊಳೆದ ನೀರು ಎಮ್ಮೆಗೆ, ಮೈ ತೊಳೆದ ನೀರು ನಿಂಬೆ ಗಿಡಕ್ಕೆ. ನಿಮ್ಮಪ್ಪನ ಧೋತರ ಹರಿದರೆ ತೊಟ್ಟಿಲ ಬಟ್ಟೆ, ಅದೂ ಹರಿದರೆ ದೀಪದ ಬತ್ತಿ. ಹಳೆಯ ಸೀರೆಗಳೆಲ್ಲ ಕೌದಿ. ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಕಡ್ಡಿ ಗೀರದೆ ಒಲೆ ಹೊತ್ತಿಸಿದ್ದೇನೆ. ಪಕ್ಕದ ಮನೆಯ ಗುಂಡಮ್ಮ "ಅನುಸೂಯಾಬಾಯಿ ಮನ್ಯಾಗ ನೊಣ ಸೈತ ಉಪಾಸ ಬೀಳ್ತದ" ಎಂದು ಆಡಿಕೊಂಡಳು. ಮಳೆ ಕೈಕೊಟ್ಟ ವರ್ಷ ಜೋಳ ಕೇಳಲು ಬಂದವಳೂ ಅವಳೇ.

ಗಾದಿಗೆ ನಾವು ಹೊಸ ಹತ್ತಿ ಕೊಂಡವರಲ್ಲ. ವರ್ಷ ವರ್ಷ ಚಳಿಗೆ ಮೊದಲು ಪಿಂಜಾರ ಮೌಲಾಸಾಬ ಬಿಲ್ಲು ಹೊತ್ತು ಬಂದು, ಗಟ್ಟಿಯಾದ ಹಳೆಯ ಹತ್ತಿಯನ್ನು ನಮ್ಮ ಅಂಗಳದಲ್ಲೇ ಹಿಂಜಿ ಮೆತ್ತಗೆ ಮಾಡುತ್ತಿದ್ದ. ನಿನ್ನ ಮದುವೆಯ ಗಾದಿಯೂ ಅವನ ಕೈಯದು. "ಬಾಯಿಸಾಬ್, ಈ ಹತ್ತಿ ನಮ್ಮಪ್ಪನ್ನ ಮಣ್ಣಿಗಿ ಕಳಿಸ್ಯದ, ನನ್ನನ್ನೂ ಕಳಿಸ್ತದ, ಆದ್ರ ನೀವು ಮಾತ್ರ ಇದನ್ನ ಬಿಡೂದಿಲ್ಲ" ಎಂದು ನಗುತ್ತಿದ್ದ.

ರಜಾಕಾರರು ನಮ್ಮ ಜೋಳದ ಚೀಲಗಳನ್ನು ಹೊತ್ತೊಯ್ದಾಗ ಅವನು ಅವರ ಜೊತೆ ನಿಂತವನಲ್ಲ. ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂತು, ನಿಜಾಮರ ರಾಜ್ಯ ಮುಗಿಯಿತು. ಆಗ ಬಂದೂಕು ಹಿಡಿದು ಮೆರೆದವರು ಓಡಿಹೋದರು. ಸೇಡಿಗೆ ಸಿಕ್ಕವರು ಮೌಲಾಸಾಬನಂಥವರು. ಅವನನ್ನು ಕೊಂದರು. ಅವನ ಹೆಂಡತಿ ವಜೀರಬೀ ಹಲಬರ್ಗಾದಲ್ಲಿ ತಂಗಿಯ ಮನೆ ಸೇರಿದಳು. ನಾನು ಆ ದಿನಗಳಲ್ಲಿ ಬೀದರಿನಲ್ಲಿ, ನಿನ್ನ ಚಿಕ್ಕಮ್ಮನ ಮಗಳ ಬಾಣಂತನಕ್ಕೆ ಹೋದವಳು ದಾರಿ ತೆರೆಯುವವರೆಗೆ ಅಲ್ಲೇ ಸಿಕ್ಕಿಕೊಂಡಿದ್ದೆ.

ತಿರುಗಿ ಬಂದು ನೋಡಿದರೆ ನಮ್ಮ ಕೊಟ್ಟಿಗೆಯಲ್ಲಿ ಮೌಲಾಸಾಬನ ಮನೆಯ ಬಾಗಿಲು, ತೊಲೆ, ಗಾದಿಗಳು. ಅವನ ಬಿಲ್ಲು ಕೂಡ. ನಿನ್ನ ಅಣ್ಣ ಹಾವಗೆಪ್ಪ ತಲೆ ತಗ್ಗಿಸಲಿಲ್ಲ.

"ಯಾರೂ ಇಲ್ಲದ ಮನಿ ಅವ್ವಾ. ಮಳಿಗಿ ಕೊಳೀತಿತ್ತು. ಯಾವುದೂ ಹಾಳ ಮಾಡಬಾರ್ದು ಅಂತ ನೀನೇ ಕಲಿಸಿದಿ."

"ಇದರ ಒಡತಿ ಜೀವಂತ ಅದಾಳ. ಗಾಡಿ ಕಟ್ಟು, ಮುಟ್ಟಿಸಿ ಬಾ."

"ಊರ ಮಂದಿ ನಗ್ತಾರ."

"ನಗಲಿ. ಅವರ ಕೊಟ್ಟಿಗಿನೂ ನೋಡೀನಿ ನಾ."

ಅವನು ಬಾರುಕೋಲು ಎಸೆದು ಚಿಂತಾಕಿಗೆ, ನಿನ್ನ ಮನೆಗೆ ನಡೆದ. ನಾನು ನಮ್ಮ ಹೊಲದಾಳು ಮಡೆಪ್ಪನಿಂದ ಗಾಡಿ ಕಟ್ಟಿಸಿ ಹಲಬರ್ಗಾಕ್ಕೆ ಹೋದೆ. ವಜೀರಬೀ ಅಳಲಿಲ್ಲ. ಬಾಗಿಲ ಮೇಲೆ ಕೈಯಾಡಿಸಿ, "ಇದನ್ನ ತಗೊಂಡು ಏನ್ ಮಾಡ್ಲಿ ಬಾಯಿಸಾಬ್? ಗ್ವಾಡಿನೇ ಇಲ್ಲ" ಎಂದಳು.

"ಮಾರು. ನಿನ್ನದು, ನೀನೇ ಮಾರು" ಎಂದೆ.

ಅವಳು ಕೊಟ್ಟ ನೀರು ಕುಡಿದೆ. ಇದನ್ನು ನಿನ್ನ ಅತ್ತೆಗೆ ಹೇಳುವುದಾದರೆ ಹೇಳು.

ಆದ್ದರಿಂದ ಕಾಂತಾ, ನಾಲ್ಕು ಹಳೆಯ ಗಾದಿ ಎಂದು ಇನ್ನೊಮ್ಮೆ ಬರೆಯಬೇಡ. ಚಳಿ ಬಿದ್ದಿದೆ. ಮಕ್ಕಳಿಗೆ ನಾನು ಕಳಿಸಿದ ಕೌದಿ ಹೊದಿಸು, ಪೆಟ್ಟಿಗೆಯಲ್ಲಿಟ್ಟು ಹುಳ ಬೀಳಿಸಬೇಡ. ಅಳಿಯಂದಿರಿಗೆ ಶರಣು ಹೇಳು. ನಿನ್ನ ಒಲೆ ಆರದಿರಲಿ, ಬಸವಣ್ಣ ನಿನ್ನ ಮಕ್ಕಳನ್ನು ನೆಟ್ಟಗೆ ನಡೆಸಲಿ.

ನಿನ್ನ ತಾಯಿ,
ಅನುಸೂಯಾಬಾಯಿ

ತಾ.ಕ. ಇಲ್ಲಿಯವರೆಗಿನದನ್ನು ನಿನ್ನ ಮನೆಯವರ ಮುಂದೆ ಓದಬಹುದು. ಇನ್ನುಳಿದದ್ದು ನಿನಗೊಬ್ಬಳಿಗೆ.

ಹಲಬರ್ಗಾದಿಂದ ಹೊರಡುವಾಗ ವಜೀರಬೀ ಗಾಡಿಯ ಹತ್ತಿರ ಬಂದು, "ನಿಮ್ಮ ಬಣವಿ ಉಳೀತಲ್ರೀ ಬಾಯಿಸಾಬ್?" ಎಂದಳು. ನನಗೆ ಅರ್ಥವಾಗಲಿಲ್ಲ. ದಾರಿಯಲ್ಲಿ ಮಡೆಪ್ಪನನ್ನು ಕೇಳಿದೆ. ಅವನು ಗಾಡಿ ನಿಲ್ಲಿಸಿ, ಎತ್ತಿನ ಬೆನ್ನು ನೋಡುತ್ತಲೇ ತಾನು ಕಂಡದ್ದನ್ನು ಹೇಳಿದ.

ಆ ದಿನ ಮೌಲಾಸಾಬ ನಮ್ಮ ಹಿತ್ತಲಿಗೆ ಓಡಿಬಂದು ಜೋಳದ ಕಣಿಕೆಯ ಬಣವೆಯೊಳಗೆ ಅಡಗಿದ್ದನಂತೆ. ಗುಂಡಮ್ಮ ವಜೀರಬೀಯನ್ನು ತನ್ನ ಮಾಳಿಗೆಯ ಮೇಲೆ ಬಚ್ಚಿಟ್ಟಿದ್ದಳು. ಅಲ್ಲಿಂದ ವಜೀರಬೀಗೆ ಎಲ್ಲ ಕಂಡಿದೆ. ಹುಡುಕುತ್ತ ಬಂದವರು ಬಣವೆಗೆ ಬೆಂಕಿ ಇಡಲು ಪಂಜು ಎತ್ತಿದಾಗ ಹಾವಗೆಪ್ಪ ಅಡ್ಡ ಬಂದ. "ಹಚ್ಚಬ್ಯಾಡ್ರಿ, ವರ್ಷದ ಮೇವು ಅದ. ಎಡಗಡಿ ಕೈ ಹಾಕ್ರಿ, ಅಲ್ಲೇ ಕುಂತಾನ."

"ನನಗ್ಯಾಕ ಹೇಳ್ಲಿಲ್ಲ?" ಎಂದೆ.

"ಸಣ್ಣ ಧಣ್ಯಾರು ಆಡಿದ್ದು ನಿಮ್ಮ ಮಾತೇ ಅವ್ವಾರ. ನಾ ಏನಂತ ಹೇಳ್ಲಿರಿ?"

ಬಣವೆ ಇನ್ನೂ ನಿಂತಿದೆ. ದನಗಳು ಅದನ್ನೇ ತಿನ್ನುತ್ತಿವೆ.

ಮರುದಿನ ಮಡೆಪ್ಪನನ್ನು ಕರೆದುಕೊಂಡು ಬೀದರಿಗೆ ಹೋದೆ. ಫೌಜಿನ ಅಧಿಕಾರಿಯ ಮುಂದೆ ಅವನು ಕಂಡದ್ದನ್ನು ಹೇಳಿ ಹೆಬ್ಬೆಟ್ಟು ಒತ್ತಿದ. ತೋರಿಸಿಕೊಟ್ಟವನ ಹೆಸರು, ತಂದೆಯ ಹೆಸರು, ಈಗಿರುವ ಊರು ನಾನು ಬರೆಸಿದೆ. ಗುಮಾಸ್ತ ತಾಯಿಯ ಹೆಸರು ಕೇಳಿದ. ಹೇಳಿ, ಕೆಳಗೆ ಸಹಿ ಮಾಡಿದೆ. ಅವನು ಎರಡೂ ಹೆಸರನ್ನು ನೋಡಿ ನನ್ನ ಮುಖ ನೋಡಿದ. "ಹೌದು, ಒಬ್ಬನೇ ಮಗ" ಎಂದೆ.

ಫೌಜಿನವರ ಜೀಪು ಇಂದು ಬೆಳಿಗ್ಗೆ ಚಿಂತಾಕಿಯ ಕಡೆ ಹೊರಟ ಸುದ್ದಿ ಬಂದಿದೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅವನನ್ನು ಒಯ್ದಿರುತ್ತಾರೆ. ಮೊದಲೇ ತಿಳಿಸಿದ್ದರೆ ನೀನು ಅವನನ್ನು ಎಲ್ಲಾದರೂ ಬಚ್ಚಿಡುತ್ತಿದ್ದೆ. ಅದಕ್ಕೇ ತಿಳಿಸಲಿಲ್ಲ.