ಎರಡೂ ಕಡೆಯಿಂದ

ಜೂನ್ 9, ಸೋಮವಾರ

ಮತ್ತೆ ಜ್ವರ. ಹೊಟ್ಟೆ ಹಲಗೆ ಥರ ಗಟ್ಟಿ. ವಿ.ಸಿ. ಫಾರಂ ಕೃಷಿ ಕಾಲೇಜಿಗೆ ರಜೆ ಹೇಳಿದೆ — ಲ್ಯಾಬಲ್ಲಿ ಮಣ್ಣಿನ ಸ್ಯಾಂಪಲ್ ಹಾಗೇ ಬಿದ್ದಿವೆ. ಎರಡು ಮೂರು ದಿನಕ್ಕೆ ತಾನೇ ಹೋಗುತ್ತೆ, ಚಿಕ್ಕಂದಿನಿಂದ ಹೀಗೇ. ಅವ್ವ ಫೋನಲ್ಲಿ, "ಗ್ಯಾಸು ಕಣಮ್ಮ, ಜೀರಿಗೆ ನೀರು ಕುಡಿ." ಮಾವ ಈ ಸಲ ಬಿಡಲಿಲ್ಲ. "ಸ್ಕ್ಯಾನ್ ಮಾಡಿಸ್ಲೇಬೇಕು, ವೀಣ." ಗಂಡ ಆದಮೇಲೂ ಬಾಯಿಗೆ ಮಾವ ಅಂತಲೇ ಬರೋದು.

ಜೂನ್ 11

ಮಂಡ್ಯ. ಸ್ಕ್ಯಾನಲ್ಲಿ ಹೊಟ್ಟೆಯೊಳಗೆ ಗಡ್ಡೆ — ದ್ರಾಕ್ಷಿ ಗೊಂಚಲಿನ ಹಾಗೆ ನೀರುಗುಳ್ಳೆಗಳು. ಮೈಸೂರಿಗೆ ಹೋಗಿ ಅಂದರು ಡಾಕ್ಟರು. ವಾಪಸ್ ಬಸ್ಸಲ್ಲಿ ನಮ್ಮ ಮದ್ದೂರು ಬರೋವರೆಗೂ ಮಾವ ಕೈ ಬಿಡಲಿಲ್ಲ. ಮಗಳು ಗಗನಂಗೆ ಇನ್ನೂ ಒಂಬತ್ತು ವರ್ಷ. ಕ್ಯಾನ್ಸರ್ ಆದರೆ...

ಜೂನ್ 30

ಮೈಸೂರಲ್ಲಿ ಆಪರೇಷನ್ ಮಾಡಿ ಗಡ್ಡೆ ತೆಗೆದರು. ಹೊಲಿಗೆ ಎಳೆಯುತ್ತೆ. ಕೆಮ್ಮೋಕೂ ಭಯ. ಬಯಾಪ್ಸಿ ಬಂದಿಲ್ಲ. ಅವ್ವ ಮಳವಳ್ಳಿಯಿಂದ ಬಂದು ಪಕ್ಕದಲ್ಲೇ ಕೂತಿದ್ದಾಳೆ. ನನ್ನ ಮುಖ ನೋಡಲ್ಲ.

ಜುಲೈ 8

ಕ್ಯಾನ್ಸರ್ ಅಲ್ಲ! ತೀರಾ ಅಪರೂಪದ ಗಡ್ಡೆ, ಆದರೆ ಕೆಟ್ಟದ್ದಲ್ಲವಂತೆ. ಮತ್ತೆ ಬೆಳೆಯಬಹುದು, ಆಗಾಗ ಸ್ಕ್ಯಾನ್. ಅತ್ತುಬಿಟ್ಟೆ.

ಡಾಕ್ಟರು ಇನ್ನೂ ಮುಗಿಸಿರಲಿಲ್ಲ. "ನಿಮ್ಮ ಜ್ವರಕ್ಕೆ ಗಡ್ಡೆ ಕಾರಣ ಅಲ್ಲಮ್ಮ. ರಕ್ತ ಪರೀಕ್ಷೆಯಲ್ಲಿ ಗೊತ್ತಾಯ್ತು, ಅದು ಹುಟ್ಟಿನಿಂದ ಬರೋ ಉರಿಯೂತದ ಕಾಯಿಲೆ. ಸಾಮಾನ್ಯವಾಗಿ ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದ್ರೇನೇ ಕಾಣಿಸೋದು. ದಿನಾ ಮಾತ್ರೆ ತಗೋಬೇಕು, ಇಲ್ಲಾಂದ್ರೆ ಕಿಡ್ನಿಗೆ ಕಷ್ಟ. ಸಂಬಂಧದಲ್ಲಿ ಮದುವೆನಾ?"

"ಅವ್ವನ ಸ್ವಂತ ತಮ್ಮ."

"ಹಾಗಾದ್ರೆ ಅವರ ರಕ್ತದಲ್ಲೂ ಇರಬಹುದು. ಮಕ್ಕಳು?"

"ಒಬ್ಬಳು ಮಗಳು," ಅಂದರು ಮಾವ. ದನಿ ಬೇರೆ ಯಾರದೋ ಥರ.

ಜುಲೈ 13

ಅವ್ವ ಮುದ್ದೆ ಕಟ್ಟುತ್ತಾ ಇದ್ದವಳು ನಿಲ್ಲಿಸಿದಳು. "ತಮ್ಮನ್ಗೇ ಕೊಟ್ರೆ ಕಣ್ಮುಂದೆ ಇರ್ತೀಯ ಅಂತ ಕೊಟ್ಟೆ ಕಣಮ್ಮ. ನಂಗೇನ್ ಗೊತ್ತು?"

"ಯಾರ್ಗೂ ಗೊತ್ತಿರ್ಲಿಲ್ಲ ಬುಡಕ್ಕ," ಅಂದರು ಮಾವ.

ಯಾರೂ ಸರಿಯಾಗಿ ಉಣ್ಣಲಿಲ್ಲ. ಗಗನ ಚೆನ್ನಾಗೇ ಇದ್ದಾಳೆ. ರಕ್ತ ಪರೀಕ್ಷೆ ಅಂತ ಸುಮ್ಮನೆ ಯಾಕೆ ಚುಚ್ಚಿಸೋದು...

ಆಗಸ್ಟ್ 21

ಗಗನ ಸ್ಕೂಲಿಂದ ಬಂದವಳೇ ಮುದುರಿಕೊಂಡು ಮಲಗಿದಳು. "ಉಸ್ರು ಎಳ್ಕಂಡ್ರೆ ಹೊಟ್ಟೆ ಚುಚ್ತದೆ ಅಮ್ಮ." ಮೈ ಸುಡುತ್ತಿತ್ತು. ಹೋದ ದೀಪಾವಳೀಲೂ ಹೀಗೇ ಆಗಿತ್ತು, ಎಣ್ಣೆ ತಿಂಡಿ ಜಾಸ್ತಿ ಆಯ್ತು ಅಂದ್ಕೊಂಡಿದ್ವಿ. ಮಾವ ಬೈಕು ತೆಗೆದರು. ರಕ್ತ ಕೊಟ್ಟು ಬಂದೆವು.

ಸೆಪ್ಟೆಂಬರ್ 19

ಗಗನಂದೂ ಅದೇ ಕಾಯಿಲೆ. ಮಾವ ರಿಪೋರ್ಟು ಓದಿದರು, ನಂಗೆ ಕೊಟ್ಟರು, ಹಿತ್ತಿಲಿಗೆ ಹೋದರು. ಬೇಗ ಗೊತ್ತಾಗಿದ್ದು ಒಳ್ಳೇದೇ ಆಯ್ತು ಅಂದರು ಡಾಕ್ಟರು. ಹೌದು. ಒಳ್ಳೇದೇ.

ಸೆಪ್ಟೆಂಬರ್ 20, ಬೆಳಿಗ್ಗೆ

ಅಮ್ಮ ಮಗಳು ಒಟ್ಟಿಗೆ ಮಾತ್ರೆ ನುಂಗಿದೆವು. ಗಗನ ಮೈಮೇಲೆಲ್ಲ ನೀರು ಚೆಲ್ಲಿಕೊಂಡು ನಕ್ಕಳು.

"ನಾಳೆನೂ ಇದ್ಯಾ?"

"ಊಂ."

"ಎಷ್ಟು ದಿನ ಅಮ್ಮ?"

ಮಾವ ನನ್ನ ಕಡೆ ನೋಡಿದರು. ಅವಳ ಜಡೆ ಹಾಕುತ್ತಾ, ದಿನಾ ಕಣವ್ವ, ಅಂದೆ. ನೀನು ದೊಡ್ಡೋಳಾದ್ಮೇಲೂ. ನಾನು ಇಲ್ಲದೇ ಇದ್ದಾಗಲೂ ಅಂತ ಹೇಳೋಕೆ ಹೋದವಳು, ಜಡೆಗೆ ಟೇಪು ಕಟ್ಟಿ ಸ್ಕೂಲಿಗೆ ಕಳಿಸಿದೆ.